ಘೋಷಣೆಗೆಂದು ಬರೆದ ಕಾನೂನು, ಬೀದಿಗಿಳಿದ ಶೋಕ

ಡಬ್ಲಿನ್ ನಗರದ ಪೋರ್ಟೊಬೆಲ್ಲೊದಲ್ಲಿ ಒಂದು ಪಬ್ಬು. ಅದರ ಪಕ್ಕದ ಗೋಡೆಯ ತುಂಬ ಒಬ್ಬ ಹೆಣ್ಣುಮಗಳ ಮುಖ. ಕಪ್ಪು ಕೂದಲು, ಹಣೆಯಲ್ಲಿ ಬೊಟ್ಟು, ಮನೆಯವರು ಫೋಟೊ ತೆಗೆಯುವಾಗ ಬರುವಂಥ ನಗು. ಮುಖಕ್ಕೆ ಅಡ್ಡಲಾಗಿ ‘ಯೆಸ್’ ಎಂಬ ಒಂದೇ ಪದ. 2018ರ ಮೇ ತಿಂಗಳ ಕೊನೆಯ ದಿನಗಳಲ್ಲಿ ಅಲ್ಲಿಗೆ ಜನ ಬರುತ್ತಲೇ ಇದ್ದರು. ಹೂಗುಚ್ಛ ಇಡುವವರು, ಮೇಣದಬತ್ತಿ ಹಚ್ಚುವವರು, ಏನೂ ಮಾಡದೆ ಸುಮ್ಮನೆ ನಿಲ್ಲುವವರು. ಆಫೀಸುಗಳಲ್ಲಿ ಬಳಸುವ ಬಣ್ಣದ ಅಂಟುಚೀಟಿಗಳ ಮೇಲೆ ಎರಡು ಸಾಲು ಗೀಚಿ ಗೋಡೆಗೆ ಅಂಟಿಸುತ್ತಿದ್ದರು. ಎಷ್ಟೋ ಚೀಟಿಗಳಲ್ಲಿ ಇದ್ದದ್ದು ಕ್ಷಮೆಯ ಮಾತು. ಮುಂದೆ ಡಬ್ಲಿನ್ ನಗರ ಗ್ರಂಥಾಲಯದ ದಾಖಲಾಗಾರದವರು ಆ ಚೀಟಿಗಳನ್ನು ಬಿಡಿಸಿಕೊಂಡು ಹೋಗಿ ಜೋಪಾನ ಮಾಡಿದರು.

ಗೋಡೆಯ ಮೇಲಿದ್ದದ್ದು ಬೆಳಗಾವಿಯಲ್ಲಿ ಬೆಳೆದ ದಂತವೈದ್ಯೆ ಸವಿತಾ ಹಾಲಪ್ಪನವರ ಅವರ ಮುಖ.

ಸವಿತಾ ಕಥೆ ನಮಗೆ ಅರ್ಧ ಗೊತ್ತು. ಐರ್ಲೆಂಡಿನಲ್ಲಿ ಗರ್ಭಪಾತಕ್ಕೆ ಒಪ್ಪದೆ ನಮ್ಮ ಹುಡುಗಿಯನ್ನು ಸಾಯಲು ಬಿಟ್ಟರು, ಆಮೇಲೆ ಅಲ್ಲಿಯ ಕಾನೂನು ಬದಲಾಯಿತು ಅಂತ. ಅದು ಸುಳ್ಳಲ್ಲ. ಆದರೆ ಆ ಕಾನೂನು ಯಾರನ್ನೂ ಸಾಯಿಸಲೆಂದು ಬರೆದದ್ದಲ್ಲ. ನಿಜ ಹೇಳಬೇಕೆಂದರೆ, ಅದರಿಂದ ಏನಾದರೂ ಕೆಲಸ ಆಗಲಿ ಎಂದೂ ಬರೆದದ್ದಲ್ಲ. ಒಂದು ದೇಶ ತನ್ನ ನಂಬಿಕೆಯನ್ನು ಎಲ್ಲರಿಗೂ ಕೇಳುವಂತೆ ಸಾರಿಕೊಳ್ಳಲು ಸಂವಿಧಾನಕ್ಕೆ ಸೇರಿಸಿದ ಒಂದು ವಾಕ್ಯ ಅದು. ಆ ವಾಕ್ಯ ಆಸ್ಪತ್ರೆಯ ಮಂಚದವರೆಗೆ ನಡೆದು ಬರಲು ಇಪ್ಪತ್ತೊಂಬತ್ತು ವರ್ಷ ಹಿಡಿಯಿತು. ನಡುವೆ ಆ ದೇಶ ಯಾರ ಸಾವಿಗೆ ಅತ್ತಿತು, ಯಾರ ಸಾವಿಗೆ ಅಳಲು ಬಿಡಲಿಲ್ಲ ಎಂಬುದು ಕಥೆಯ ಉಳಿದರ್ಧ.

ಮೊದಲೇ ಇದ್ದ ನಿಷೇಧ

1980ರ ದಶಕದ ಆರಂಭದಲ್ಲಿ ಐರ್ಲೆಂಡಿನಲ್ಲಿ ಗರ್ಭಪಾತಕ್ಕೆ ಅವಕಾಶವೇ ಇರಲಿಲ್ಲ. ವಿಕ್ಟೋರಿಯಾ ರಾಣಿಯ ಕಾಲದ, 1861ರ ಬ್ರಿಟಿಷ್ ಕಾಯ್ದೆ ಸ್ವತಂತ್ರ ಐರ್ಲೆಂಡಿನಲ್ಲೂ ಊರ್ಜಿತದಲ್ಲಿತ್ತು. ಶಿಕ್ಷೆ ಜೀವಾವಧಿಯವರೆಗೆ. ಅದಕ್ಕೆ ಒಂದೇ ವರ್ಷ ಹಿಂದೆ ಅದೇ ಸಾಮ್ರಾಜ್ಯ ನಮಗೆ ಕೊಟ್ಟ ದಂಡ ಸಂಹಿತೆಯ 312ನೇ ಕಲಮೂ ಗರ್ಭಪಾತವನ್ನು ಅಪರಾಧವೆಂದೇ ಹೇಳಿತ್ತು. ತಾಯಿಯ ಜೀವ ಉಳಿಸಲು ಸದುದ್ದೇಶದಿಂದ ಮಾಡಿದ್ದಕ್ಕೆ ಮಾತ್ರ ವಿನಾಯಿತಿ ಇತ್ತು. ಭಾರತ 1971ರಲ್ಲಿ ಹಗ್ಗ ಸಡಿಲಿಸಿತು. ಐರ್ಲೆಂಡ್ ಬಿಗಿಯಿತು.

ಅಲ್ಲಿ ನಿಷೇಧವನ್ನು ತೆಗೆಯುತ್ತೇವೆ ಎಂದು ಯಾವ ದೊಡ್ಡ ಪಕ್ಷವೂ ಹೇಳಿರಲಿಲ್ಲ. ಹಾಗಿದ್ದೂ 1981ರಲ್ಲಿ ಒಂದು ಸಂಘಟನೆ ಹುಟ್ಟಿಕೊಂಡಿತು: ಗರ್ಭಪಾತ ವಿರೋಧವನ್ನು ಸಂವಿಧಾನದಲ್ಲೇ ಬರೆಯಿಸಬೇಕು. ಅದರ ಹಿಂದೆ ಒಂದು ಭಯವಿತ್ತು. 1973ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ‘ರೋ ವಿರುದ್ಧ ವೇಡ್’ ಪ್ರಕರಣದಲ್ಲಿ ಖಾಸಗಿತನದ ಹಕ್ಕಿನಡಿ ಗರ್ಭಪಾತವನ್ನು ಒಪ್ಪಿಕೊಂಡಿತ್ತು. ಅದೇ ವರ್ಷ ಐರ್ಲೆಂಡಿನ ಸುಪ್ರೀಂ ಕೋರ್ಟೂ ಗರ್ಭನಿರೋಧಕಗಳ ಮೊಕದ್ದಮೆಯಲ್ಲಿ ದಂಪತಿಯ ಖಾಸಗಿತನವನ್ನು ಎತ್ತಿಹಿಡಿದಿತ್ತು. ನಾಳೆ ಯಾರೋ ನ್ಯಾಯಾಧೀಶರು ಈ ಎರಡಕ್ಕೂ ಸೇತುವೆ ಕಟ್ಟಿಬಿಟ್ಟರೆ?

ಕಾಲವೂ ಅನುಕೂಲವಾಗಿತ್ತು. 1979ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಬಂದಾಗ, ಸುಮಾರು 34 ಲಕ್ಷ ಜನರಿದ್ದ ಆ ದೇಶದಲ್ಲಿ ಹತ್ತು ಲಕ್ಷಕ್ಕೂ ಮೇಲ್ಪಟ್ಟು ಜನ ಡಬ್ಲಿನ್ನಿನ ಫೀನಿಕ್ಸ್ ಪಾರ್ಕಿನ ಪೂಜೆಗೆ ಸೇರಿದ್ದರು. 1981ರ ಜೂನ್ ಮತ್ತು 1982ರ ನವೆಂಬರ್ ನಡುವೆ ಮೂರು ಮಹಾಚುನಾವಣೆಗಳಾದವು. ಸರ್ಕಾರ ಇವತ್ತೋ ನಾಳೆಯೋ ಎನ್ನುವಂತಿದ್ದಾಗ ಇಂಥ ಬೇಡಿಕೆಗೆ ಬೇಡ ಎನ್ನುವ ಎದೆಗಾರಿಕೆ ಯಾರಿಗಿರುತ್ತದೆ? ಫಿಯನ್ನ ಫಾಲ್ ಪಕ್ಷದ ಚಾರ್ಲ್ಸ್ ಹಾಗಿ, ಫಿನ್ ಗೇಲ್ ಪಕ್ಷದ ಗ್ಯಾರೆಟ್ ಫಿಟ್ಜ್‌ಜೆರಾಲ್ಡ್ ಇಬ್ಬರೂ ಮಾತು ಕೊಟ್ಟರು.

ಕಟ್ಟುತ್ತಿರುವ ಮನೆಗೆ ತೂಗುಹಾಕುವ ದೃಷ್ಟಿಬೊಂಬೆಯಂತೆ ಇತ್ತು ಆ ತಿದ್ದುಪಡಿ. ಬೊಂಬೆ ಎದ್ದು ಬಂದು ಕೆಲಸ ಮಾಡಲಿ ಎಂದು ಯಾರೂ ಕಾಯುವುದಿಲ್ಲ. ಅದು ಅಲ್ಲಿ ಕಾಣುತ್ತಿದ್ದರೆ ಸಾಕು. ಅಮೆರಿಕದ ಸಮಾಜಶಾಸ್ತ್ರಜ್ಞ ಜೋಸೆಫ್ ಗಸ್‌ಫೀಲ್ಡ್ 1963ರಲ್ಲಿ ಅಲ್ಲಿಯ ಪಾನನಿಷೇಧ ಚಳವಳಿಯ ಕುರಿತು ಬರೆದ ಪುಸ್ತಕದಲ್ಲಿ ಹೇಳಿದ್ದು ಇದನ್ನೇ. ಕೆಲವು ಕಾನೂನುಗಳು ಜಾರಿಯಾಗುವುದಕ್ಕಿಂತ ಹೆಚ್ಚಾಗಿ, ಸಮಾಜದಲ್ಲಿ ಯಾರ ಮೌಲ್ಯಕ್ಕೆ ಮೇಲಿನ ಸ್ಥಾನ ಎಂಬುದನ್ನು ಸರ್ಕಾರದ ಬಾಯಿಂದ ಹೇಳಿಸಲು ಇರುತ್ತವೆ.

ಆದರೆ ಸಂವಿಧಾನದ ವಾಕ್ಯಕ್ಕೆ ಕೈಕಾಲು ಇರುತ್ತದೆ. ನ್ಯಾಯಾಲಯಗಳು ಅದನ್ನು ಓದಲೇಬೇಕು, ಅರ್ಥ ಹೇಳಲೇಬೇಕು. ಜೊತೆಗೆ ಐರ್ಲೆಂಡಿನಲ್ಲಿ ಸಂವಿಧಾನ ತಿದ್ದಲು ನಮ್ಮಲ್ಲಿಯಂತೆ ಸಂಸತ್ತಿನ ಬಹುಮತ ಸಾಲದು. ಪ್ರತಿಯೊಂದು ತಿದ್ದುಪಡಿಯೂ ಜನಮತಗಣನೆಗೆ ಹೋಗಬೇಕು. ಅಂದರೆ ಒಮ್ಮೆ ಬರೆದದ್ದನ್ನು ಅಳಿಸುವುದಕ್ಕೂ ಇಡೀ ದೇಶವೇ ಮತಗಟ್ಟೆಗೆ ಬರಬೇಕು.

ಈ ಅಪಾಯ ಕಂಡವರೂ ಇದ್ದರು. 1983ರ ಫೆಬ್ರುವರಿಯಲ್ಲಿ ಸರ್ಕಾರದ ಅಟಾರ್ನಿ ಜನರಲ್ ಪೀಟರ್ ಸದರ್ಲೆಂಡ್, ಈ ಒಕ್ಕಣೆ ಅಸ್ಪಷ್ಟ ಎಂದು ಲಿಖಿತವಾಗಿಯೇ ಎಚ್ಚರಿಸಿದರು. ಇನ್ನೂ ಹುಟ್ಟದ ಜೀವಕ್ಕೆ ಬದುಕುವ ಹಕ್ಕಿದೆ, ತಾಯಿಗೂ ಅಷ್ಟೇ ಸಮನಾದ ಹಕ್ಕಿದೆ ಎನ್ನುತ್ತಿತ್ತು ಆ ಒಕ್ಕಣೆ. ಇಬ್ಬರ ಹಕ್ಕೂ ಎದುರುಬದುರಾದಾಗ ವೈದ್ಯರು ಏನು ಮಾಡಬೇಕು? ಸದರ್ಲೆಂಡ್ ಅವರ ಪ್ರಕಾರ, ವೈದ್ಯರು ಗೊಂದಲಕ್ಕೆ ಬೀಳುತ್ತಾರೆ; ಅಷ್ಟೇ ಅಲ್ಲ, ಈ ವಾಕ್ಯವೇ ಮುಂದೊಂದು ದಿನ ಗರ್ಭಪಾತಕ್ಕೆ ದಾರಿ ಮಾಡಿಕೊಡಬಹುದು. ಆಗ ಸೆನೆಟರ್ ಆಗಿದ್ದ, ಮುಂದೆ ರಾಷ್ಟ್ರಪತಿಯಾದ ಮೇರಿ ರಾಬಿನ್ಸನ್ ಕೂಡ ವಿರೋಧಿಸಿದರು. 1983ರ ಸೆಪ್ಟೆಂಬರ್ 7ರಂದು ಮತದಾನವಾಯಿತು. ಶೇ 66.9ರಷ್ಟು ಮತ ಪಡೆದು ಎಂಟನೇ ತಿದ್ದುಪಡಿ ಗೆದ್ದಿತು. ಮತ ಹಾಕಲು ಬಂದವರು ಅರ್ಧಕ್ಕಿಂತ ತುಸು ಹೆಚ್ಚು.

ಗ್ರನಾರ್ಡಿನ ಮೇರಿಮಾತೆಯ ಗವಿ

ಐದು ತಿಂಗಳೂ ಕಳೆದಿರಲಿಲ್ಲ. 1984ರ ಜನವರಿ 31, ಮಳೆಗಾಳಿಯ ಚಳಿ ದಿನ. ಲಾಂಗ್‌ಫರ್ಡ್ ಜಿಲ್ಲೆಯ ಗ್ರನಾರ್ಡ್ ಎಂಬ ಪುಟ್ಟ ಊರಿನಲ್ಲಿ, ಹದಿನೈದು ವರ್ಷದ ಶಾಲಾ ಬಾಲಕಿ ಆನ್ ಲೊವೆಟ್ ಮೇರಿಮಾತೆಯ ಗವಿಯ ಬಳಿ ಒಬ್ಬಳೇ ಹೆತ್ತಳು. ಶಾಲೆ ಬಿಟ್ಟು ಮನೆಗೆ ಹೋಗುತ್ತಿದ್ದ ಹುಡುಗರು ನೋಡಿದರು. ಗಂಡುಮಗು ಸತ್ತಿತ್ತು. ಕೆಲವೇ ಗಂಟೆಗಳಲ್ಲಿ ಅವಳೂ ಹೋದಳು.

ಊರು ಬಾಯಿ ಬಿಡಲಿಲ್ಲ. ಆದರೆ ಗೇ ಬರ್ನ್ ಎಂಬ ರೇಡಿಯೊ ನಿರೂಪಕರಿಗೆ ದೇಶದ ಮೂಲೆಮೂಲೆಯಿಂದ ಕಾಗದಗಳು ಬಂದವು. ಹೆಂಗಸರು ತಾವು ಗುಟ್ಟಾಗಿ ಬಸುರಿಯಾದದ್ದು, ಹೊಲದಲ್ಲೋ ಹಾಸ್ಟೆಲಿನಲ್ಲೋ ಒಬ್ಬರೇ ಹೆತ್ತದ್ದು, ಹೂತದ್ದು ಎಲ್ಲವನ್ನೂ ಬರೆದಿದ್ದರು. ಫೆಬ್ರುವರಿ 23ರಂದು ಅವರು ಆ ಪತ್ರಗಳನ್ನು ಒಂದರ ಹಿಂದೊಂದು ಓದಿಸಿದರು, ನಡುವೆ ವ್ಯಾಖ್ಯಾನವಿಲ್ಲ. ಆ ದೇಶದ ಸಾರ್ವಜನಿಕ ಶೋಕ ಮೊದಲು ಬಾಯಿಬಿಟ್ಟದ್ದು ಅಡುಗೆಮನೆಯ ರೇಡಿಯೊದಲ್ಲಿ ಎಂದೇ ನನ್ನ ಎಣಿಕೆ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಹುಟ್ಟದ ಜೀವವನ್ನು ಸಂವಿಧಾನದಲ್ಲೇ ಕೂರಿಸಿದ ಆ ದೇಶದಲ್ಲಿ, ಸತ್ತೇ ಹುಟ್ಟಿದ ಮಗುವಿನ ಹೆಸರನ್ನು ಸರ್ಕಾರಿ ರಿಜಿಸ್ಟರಿನಲ್ಲಿ ಬರೆಸಲು 1995ರ ಜನವರಿ 1ರವರೆಗೂ ಅವಕಾಶವೇ ಇರಲಿಲ್ಲ. ದೀಕ್ಷಾಸ್ನಾನವಾಗದೆ ಸತ್ತ ಕೂಸುಗಳಿಗೆ ಪವಿತ್ರ ಸ್ಮಶಾನದಲ್ಲಿ ಜಾಗವಿಲ್ಲವೆಂದು ಊರಾಚೆ, ಹೊಲದಂಚಿನಲ್ಲಿ, ಸಂಜೆಗತ್ತಲಲ್ಲಿ ಹೂಳುವ ಪದ್ಧತಿ ಇಪ್ಪತ್ತನೇ ಶತಮಾನದಲ್ಲೂ ನಡೆದಿತ್ತು. ಆ ಜಾಗಗಳನ್ನು ಅಲ್ಲಿಯವರು ‘ಕಿಲೀನ್’ ಎನ್ನುತ್ತಾರೆ. ಟ್ಯೂಮ್ ಎಂಬ ಊರಿನಲ್ಲಿ ಸನ್ಯಾಸಿನಿಯರು 1925ರಿಂದ 1961ರವರೆಗೆ ನಡೆಸಿದ, ಮದುವೆಯಾಗದ ತಾಯಂದಿರ ವಸತಿಗೃಹದಲ್ಲಿ 796 ಮಕ್ಕಳು ಸತ್ತಿದ್ದರು. ಸ್ಥಳೀಯ ಇತಿಹಾಸ ಬರೆಯುತ್ತಿದ್ದ ಕ್ಯಾಥರಿನ್ ಕಾರ್ಲೆಸ್ ಆ ಮರಣ ದಾಖಲೆಗಳನ್ನು ಒಂದೊಂದಾಗಿ ಹುಡುಕಿ ತೆಗೆದರೂ ಅವರನ್ನು ಹೂತ ದಾಖಲೆ ಸಿಗಲಿಲ್ಲ. ಆ ಜಾಗದಲ್ಲಿ ಶಿಶುಗಳ ಅಸ್ಥಿಗಳು ಇರುವುದನ್ನು 2017ರಲ್ಲಿ ಸರ್ಕಾರಿ ಆಯೋಗ ದೃಢಪಡಿಸಿತು. ಹುಟ್ಟದ ಜೀವದ ಮೇಲಿನ ಗೌರವ ಬರೀ ನಾಟಕವಾಗಿತ್ತು ಎಂದು ನಾನು ಹೇಳಲಾರೆ. ಅನೇಕರಿಗೆ ಅದು ನಿಜವಾದ ನಂಬಿಕೆ. ಆದರೆ ಸಾರುವುದು ಬೇರೆ, ಅಳುವುದು ಬೇರೆ.

ಹದಿನಾಲ್ಕರ ಹುಡುಗಿಗೆ ತಡೆಯಾಜ್ಞೆ

ಸದರ್ಲೆಂಡ್ ಎಚ್ಚರಿಕೆ ನಿಜವಾಗಲು ಒಂಬತ್ತು ವರ್ಷ ಬೇಕಾಯಿತು. 1992ರಲ್ಲಿ, ಪರಿಚಯದವನೊಬ್ಬನಿಂದ ಅತ್ಯಾಚಾರಕ್ಕೆ ಒಳಗಾಗಿ ಬಸುರಿಯಾದ ಹದಿನಾಲ್ಕರ ಹುಡುಗಿಯನ್ನು ತಂದೆತಾಯಿ ಇಂಗ್ಲೆಂಡಿಗೆ ಕರೆದೊಯ್ದರು. ಹೋಗುವ ಮುಂಚೆ ಅವರು ಪೊಲೀಸರನ್ನು ಕೇಳಿದರು: ಭ್ರೂಣದ ಡಿಎನ್‌ಎಯನ್ನು ಅಪರಾಧಿಯ ವಿರುದ್ಧ ಸಾಕ್ಷ್ಯವಾಗಿ ಬಳಸಬಹುದೇ? ಕಾನೂನು ಪಾಲಿಸುವವರು ಕೇಳುವ ಪ್ರಶ್ನೆ. ಅದು ಅಟಾರ್ನಿ ಜನರಲ್ ಮೇಜಿಗೆ ಹೋಗಿ, ಅಲ್ಲಿಂದ ಹೈಕೋರ್ಟಿಗೆ ಹೋಗಿ, ಹುಡುಗಿ ದೇಶ ಬಿಡಬಾರದೆಂಬ ತಡೆಯಾಜ್ಞೆಯಾಗಿ ಹೊರಬಂತು. ಕುಟುಂಬ ಚಿಕಿತ್ಸೆ ಮಾಡಿಸದೆ ವಾಪಸಾಗಬೇಕಾಯಿತು.

‘ದಿ ಐರಿಷ್ ಟೈಮ್ಸ್’ನಲ್ಲಿ ಮಾರ್ಟಿನ್ ಟರ್ನರ್ ಬರೆದ ವ್ಯಂಗ್ಯಚಿತ್ರವನ್ನು ಐರಿಷ್ ಜನ ಇಂದಿಗೂ ನೆನೆಯುತ್ತಾರೆ: ದೇಶದ ನಕ್ಷೆಯ ಸುತ್ತ ಮುಳ್ಳುತಂತಿ, ಒಳಗೆ ಗೊಂಬೆ ಹಿಡಿದ ಹುಡುಗಿ. ಸಾವಿರಾರು ಜನ ಬೀದಿಗಿಳಿದರು. ಸುಪ್ರೀಂ ಕೋರ್ಟ್ ಆಜ್ಞೆಯನ್ನು ತೆರವುಗೊಳಿಸಿ, ಮಾರ್ಚ್ 5ರ ತೀರ್ಪಿನಲ್ಲಿ, ಆತ್ಮಹತ್ಯೆಯ ಅಪಾಯವೂ ಸೇರಿದಂತೆ ತಾಯಿಯ ಜೀವಕ್ಕೆ ನಿಜವಾದ ಗಂಡಾಂತರವಿದ್ದರೆ ಗರ್ಭಪಾತ ಸಂವಿಧಾನಬದ್ಧ ಎಂದಿತು. ಗರ್ಭಪಾತವನ್ನು ಎಂದೆಂದಿಗೂ ತಡೆಯಲೆಂದು ಬರೆದ ವಾಕ್ಯದಿಂದಲೇ ಅದಕ್ಕೆ ಅನುಮತಿ ಹೊರಟಿತು.

ಕೋರ್ಟ್ ತತ್ವ ಹೇಳಿತು. ವಿಧಾನವನ್ನು ಸಂಸತ್ತು ಬರೆಯಬೇಕಿತ್ತು. ಬರೆಯಲಿಲ್ಲ. ಅದೇ ನವೆಂಬರಿನ ಜನಮತಗಣನೆಯಲ್ಲಿ ಚಿಕಿತ್ಸೆಗೆ ಹೊರದೇಶಕ್ಕೆ ಹೋಗುವ ಹಕ್ಕು, ಅದರ ಬಗ್ಗೆ ಮಾಹಿತಿ ಪಡೆಯುವ ಹಕ್ಕು ಎರಡನ್ನೂ ಜನ ಒಪ್ಪಿಕೊಂಡರು. ಒಳಗೆ ಮಾಡಬಾರದು, ಹೊರಗೆ ಹೋಗಿ ಮಾಡಿಸಿಕೊಳ್ಳಬಹುದು. ಘೋಷಣೆಯೂ ಉಳಿಯಿತು, ನೆಮ್ಮದಿಯೂ ಉಳಿಯಿತು. 2001 ಒಂದೇ ವರ್ಷದಲ್ಲಿ ಐರ್ಲೆಂಡಿನ ವಿಳಾಸ ಕೊಟ್ಟು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಗರ್ಭಪಾತ ಮಾಡಿಸಿಕೊಂಡವರು 6,673. ಹೋಗಲು ಹಣ ಬೇಕು, ರಜೆ ಬೇಕು, ಪರದೇಶದವರಾದರೆ ವೀಸಾ ಬೇಕು, ಎಲ್ಲಕ್ಕಿಂತ ಮೊದಲು ಪ್ರಯಾಣ ಮಾಡುವ ಸ್ಥಿತಿಯಲ್ಲಿ ಮೈ ಇರಬೇಕು.

ಭಾನುವಾರದಿಂದ ಭಾನುವಾರಕ್ಕೆ

2012ರ ಅಕ್ಟೋಬರ್ 21, ಭಾನುವಾರ. ಗಾಲ್ವೆ ನಗರದಲ್ಲಿ ಪತಿ ಪ್ರವೀಣ್ ಜೊತೆ ವಾಸವಿದ್ದ, 31 ವರ್ಷದ ಸವಿತಾ ಬೆನ್ನುನೋವೆಂದು ಯೂನಿವರ್ಸಿಟಿ ಆಸ್ಪತ್ರೆಗೆ ಹೋದರು. ಹದಿನೇಳು ವಾರದ ಬಸಿರು. ಗರ್ಭ ನಿಲ್ಲುವುದಿಲ್ಲ ಎಂಬುದು ಅಲ್ಲಿ ಗೊತ್ತಾಯಿತು. ಸೋಮವಾರ ನಸುಕಿಗೆ ಗರ್ಭನೀರು ಹೋಯಿತು. ಮಂಗಳವಾರ ದಂಪತಿ, ಹೇಗೂ ಉಳಿಯದ ಗರ್ಭವನ್ನು ತೆಗೆದುಬಿಡಿ ಎಂದು ಕೇಳಿಕೊಂಡರು. ಭ್ರೂಣದ ಎದೆ ಇನ್ನೂ ಬಡಿಯುತ್ತಿದೆ, ತಾಯಿಯ ಜೀವಕ್ಕೆ ಸದ್ಯ ಅಪಾಯವಿಲ್ಲ, ಆದ್ದರಿಂದ ಕಾನೂನು ಬಿಡುವುದಿಲ್ಲ ಎಂಬ ಉತ್ತರ ಬಂತು. ಬುಧವಾರದ ಹೊತ್ತಿಗೆ ನಂಜು ಮೈಗೇರಿತ್ತು. ಆ ಮಧ್ಯಾಹ್ನ ಗರ್ಭ ತಾನಾಗಿಯೇ ಜಾರಿತು. ಮುಂದಿನ ಭಾನುವಾರ, ಅಕ್ಟೋಬರ್ 28ರ ನಡುರಾತ್ರಿ ಕಳೆದ ಮೇಲೆ, ಸವಿತಾ ತೀರಿಕೊಂಡರು.

ಇದು ಬರೀ ವೈದ್ಯರ ನಿರ್ಲಕ್ಷ್ಯವೇ, ಕಾನೂನಿನ ತಪ್ಪೇ? ಗರ್ಭಪಾತ ವಿರೋಧಿಗಳು ಮೊದಲನೆಯದನ್ನು ಹೇಳುತ್ತಾರೆ. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಮೊದಲ ದಿನದ ರಕ್ತಪರೀಕ್ಷೆಯಲ್ಲಿ ಬಿಳಿರಕ್ತಕಣಗಳು ಏರಿದ್ದನ್ನು ಯಾರೂ ಹಿಂಬಾಲಿಸಿ ನೋಡಲಿಲ್ಲ. ನಾಡಿ, ಜ್ವರವನ್ನು ನೋಡಬೇಕಾದಷ್ಟು ಸಲ ನೋಡಲಿಲ್ಲ. ಆರೋಗ್ಯ ಸೇವೆಗಳ ಗುಣಮಟ್ಟ ನೋಡಿಕೊಳ್ಳುವ ಸಂಸ್ಥೆ ಜೀವ ಉಳಿಸಬಹುದಾಗಿದ್ದ 13 ಅವಕಾಶಗಳು ತಪ್ಪಿಹೋದುದನ್ನು ಪಟ್ಟಿ ಮಾಡಿತು. ಶ್ರೀಲಂಕಾ ಮೂಲದ ಪ್ರಸೂತಿತಜ್ಞ ಸಬರತ್ನಂ ಅರುಳ್‌ಕುಮಾರನ್ ನೇತೃತ್ವದ ಸಮಿತಿಯ ವರದಿ ಇನ್ನೂ ಆಳಕ್ಕೆ ಹೋಯಿತು: ಗಮನವೆಲ್ಲ ಭ್ರೂಣದ ಎದೆಬಡಿತದ ಮೇಲಿತ್ತು, ತಾಯಿಯ ಮೈಯ ನಂಜಿನ ಮೇಲೆ ಇರಲಿಲ್ಲ. ಗಮನ ಅತ್ತ ತಿರುಗಿದ್ದು ಯಾಕೆ ಎಂದು ಕೇಳಿದರೆ ಕಾನೂನಿನ ಬಾಗಿಲಿಗೇ ಬರಬೇಕು. 2013ರ ಏಪ್ರಿಲ್‌ನಲ್ಲಿ ನಡೆದ ಸಾವಿನ ವಿಚಾರಣೆಯಲ್ಲಿ ಹಿರಿಯ ಪ್ರಸೂತಿತಜ್ಞ ಪೀಟರ್ ಬಾಯ್ಲನ್ ಅದನ್ನು ಬಿಡಿಸಿ ಹೇಳಿದರು. ಸೋಮವಾರವೋ ಮಂಗಳವಾರವೋ ಗರ್ಭ ತೆಗೆದಿದ್ದರೆ ಆಕೆ ಬಹುಶಃ ಬದುಕುತ್ತಿದ್ದರು. ಆದರೆ ಆಗ ತೆಗೆಯಲು ಕಾನೂನು ಒಪ್ಪುತ್ತಿರಲಿಲ್ಲ. ಕಾನೂನು ಒಪ್ಪುವಷ್ಟು ಅಪಾಯ ಬಂದಾಗ ಹೊತ್ತು ಮೀರಿತ್ತು.

ಇದು ಕ್ಯಾಥೊಲಿಕ್ ದೇಶ ಎಂದು ಸವಿತಾಗೆ ಯಾರೋ ಹೇಳಿದರೆಂಬುದು ನಮ್ಮ ಪತ್ರಿಕೆಗಳಲ್ಲೂ ದೊಡ್ಡ ಅಕ್ಷರಗಳಲ್ಲಿ ಬಂದಿತ್ತು. ಹೇಳಿದ್ದು ನಿಜ. ಹೇಳಿದ ದಾದಿ ವಿಚಾರಣೆಯಲ್ಲಿ ಒಪ್ಪಿಕೊಂಡು, ಹಿಂದೂ ಧರ್ಮದ ಬಗ್ಗೆ ಮಾತು ಬಂದಾಗ ಕಾರಣ ವಿವರಿಸಲು ಹಾಗೆಂದೆ ಎಂದು ಹೇಳಿ ಕ್ಷಮೆ ಕೇಳಿದರು. ಆ ಮಾತಿನ ಮೇಲೆ ಹರಿಹಾಯುವುದು ಸುಲಭ. ಆದರೆ ವೈದ್ಯೆಯ ಕೈ ಹಿಡಿದು ನಿಲ್ಲಿಸಿದ್ದು ದಾದಿಯ ಮಾತಲ್ಲ, ಜೀವಾವಧಿ ಶಿಕ್ಷೆಯ 1861ರ ಕಾಯ್ದೆ ಮತ್ತು ಅದರ ಮೇಲೆ ಕೂತ ಎಂಟನೇ ತಿದ್ದುಪಡಿ. ಬೆಳಗಾವಿಯ ಆಸ್ಪತ್ರೆಯಲ್ಲಾಗಿದ್ದರೆ 1971ರ ಕಾಯ್ದೆಯಡಿ ಹದಿನೇಳನೇ ವಾರದಲ್ಲಿ ಇಬ್ಬರು ವೈದ್ಯರ ಸಹಮತ ಸಾಕಿತ್ತು. ಆಗ ಇಲ್ಲಿಯ ಮಿತಿ 20 ವಾರ.

ಶೋಕ ಬೀದಿಗಿಳಿದಾಗ

ಸುದ್ದಿಯನ್ನು ಕಿಟ್ಟಿ ಹಾಲೆಂಡ್ ಎಂಬ ಪತ್ರಕರ್ತೆ ‘ದಿ ಐರಿಷ್ ಟೈಮ್ಸ್’ನಲ್ಲಿ ಪ್ರಕಟಿಸಿದ್ದು ನವೆಂಬರ್ 14ರಂದು. ನಮ್ಮಲ್ಲಿ ಅಂದು ಬಲಿಪಾಡ್ಯಮಿ. ಮೂರು ದಿನಗಳ ನಂತರ ಡಬ್ಲಿನ್ನಿನಲ್ಲಿ ಸಾವಿರಾರು ಜನ ಮೆರವಣಿಗೆ ಹೊರಟರು. ಹೊರಟದ್ದು ‘ಗಾರ್ಡನ್ ಆಫ್ ರಿಮೆಂಬರೆನ್ಸ್’ ಎಂಬ ಉದ್ಯಾನದಿಂದ. ಸ್ವಾತಂತ್ರ್ಯಕ್ಕಾಗಿ ಸತ್ತವರಿಗೆ ಸರ್ಕಾರ ಕಟ್ಟಿಸಿದ ಸ್ಮಾರಕ ಅದು. ಕೈಗಳಲ್ಲಿ ಸವಿತಾ ಚಿತ್ರ, ಮೇಣದಬತ್ತಿ, ‘ಇನ್ನೆಂದೂ ಹೀಗಾಗದಿರಲಿ’ ಎಂಬ ಫಲಕ.

ಅಲ್ಲಿಯವರೆಗೆ ಆ ಚರ್ಚೆಯಲ್ಲಿ ಹೆಣ್ಣಿಗೆ ಹೆಸರಿರಲಿಲ್ಲ. 1992ರ ಆ ಹುಡುಗಿ ಕೋರ್ಟಿನ ದಾಖಲೆಯಲ್ಲಿ ಬರೀ ‘ಎಕ್ಸ್’. ಯುರೋಪಿನ ಮಾನವ ಹಕ್ಕು ನ್ಯಾಯಾಲಯದಲ್ಲಿ ಐರ್ಲೆಂಡ್ ವಿರುದ್ಧ 2010ರಲ್ಲಿ ತೀರ್ಪು ಬಂದಾಗಲೂ ದೂರುದಾರರು ಎ, ಬಿ, ಸಿ ಎಂಬ ಮೂವರು. ಗುಟ್ಟು ಕಾಪಾಡಲು ಅದು ಬೇಕಿತ್ತು. ಆದರೆ ಅಕ್ಷರಕ್ಕೆ ಯಾರೂ ದೀಪ ಹಚ್ಚುವುದಿಲ್ಲ. ಎದುರು ಪಾಳಯದ ಬಳಿ ಚಿತ್ರಗಳಿದ್ದವು: ಪೋಸ್ಟರುಗಳಲ್ಲಿ ಗರ್ಭದೊಳಗಿನ ಶಿಶು, ಪುಟ್ಟ ಪಾದ. ಈಗ ಮೊದಲ ಬಾರಿಗೆ ತಾಯಿಗೂ ಒಂದು ಮುಖ ಸಿಕ್ಕಿತು. ಅದು ಮದುವೆಯಾಗಿ, ಮಗು ಬೇಕೆಂದು ಬಯಸಿದ್ದ ಹೆಣ್ಣಿನ ಮುಖ. ಒಂದು ಮಾತು ಕಹಿಯಾದರೂ ಹೇಳಬೇಕು: ಮದುವೆಯಾಗದ, ಮಗು ಬೇಡವೆಂದ ಹೆಣ್ಣೊಬ್ಬಳು ಹೀಗೆ ಸತ್ತಿದ್ದರೆ ಅಷ್ಟು ಮೇಣದಬತ್ತಿಗಳು ಉರಿಯುತ್ತಿದ್ದವೇ?

ಸರ್ಕಾರ 2013ರಲ್ಲಿ ಕಾಯ್ದೆ ತಂದಿತು. ಎಕ್ಸ್ ತೀರ್ಪು ಬಂದು 21 ವರ್ಷವಾಗಿತ್ತು. ಪ್ರಧಾನಿ ಎಂಡಾ ಕೆನಿಗೆ ರಕ್ತದಲ್ಲಿ ಬರೆದ ಪತ್ರಗಳು, ಪ್ಲಾಸ್ಟಿಕ್ ಭ್ರೂಣಗಳು ಅಂಚೆಯಲ್ಲಿ ಬಂದವು. ಇಷ್ಟೆಲ್ಲ ಆಗಿ ಬಂದ ಕಾಯ್ದೆ ಕೊಟ್ಟದ್ದೇನು? ತಾಯಿಯ ಪ್ರಾಣಕ್ಕೆ ಅಪಾಯವಿದ್ದರೆ ಮಾತ್ರ ಅನುಮತಿ. ಆತ್ಮಹತ್ಯೆಯ ಅಪಾಯವಿದ್ದರೆ ಮೂವರು ತಜ್ಞರ ಒಪ್ಪಿಗೆ. ಮೀರಿದರೆ 14 ವರ್ಷ ಜೈಲು. ಮೊದಲ ವರ್ಷ, 2014ರಲ್ಲಿ, ಈ ಕಾಯ್ದೆಯಡಿ ಇಡೀ ದೇಶದಲ್ಲಿ ನಡೆದ ಗರ್ಭಪಾತ 26. ಅದೇ ವರ್ಷ ಸಾವಿರಗಟ್ಟಲೆ ಹೆಂಗಸರು ಇಂಗ್ಲೆಂಡಿಗೆ ಹೋದರು. ಒಂದು ಘೋಷಣೆಗೆ ಎದುರಾಗಿ ಇನ್ನೊಂದು ಘೋಷಣೆ ನಿಂತಿತು, ಅಷ್ಟೇ. ಅದೇ ವರ್ಷ ಡಿಸೆಂಬರಿನಲ್ಲಿ, ಮಿದುಳು ಸತ್ತ ಬಸುರಿಯೊಬ್ಬರ ದೇಹವನ್ನು ಎಂಟನೇ ತಿದ್ದುಪಡಿಗೆ ಹೆದರಿ ಯಂತ್ರಗಳ ಮೇಲೆ ವಾರಗಟ್ಟಲೆ ಇರಿಸಿದ್ದರು. ಮಗಳ ಅಂತ್ಯಕ್ರಿಯೆಗೆಂದು ತಂದೆ ಹೈಕೋರ್ಟಿಗೆ ಹೋಗಬೇಕಾಯಿತು. ಕ್ರಿಸ್‌ಮಸ್‌ನ ಮರುದಿನ ಅನುಮತಿ ಸಿಕ್ಕಿತು.

ಅಂಚೆಯಲ್ಲಿ ಬಂದ ಬೂದಿ

ಈ ನಲವತ್ತು ವರ್ಷಗಳ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಗುಂಪು. ಬಯಸಿ ಬಸುರಾದವರು. ಇಪ್ಪತ್ತನೇ ವಾರದ ಆಸುಪಾಸಿನ ಸ್ಕ್ಯಾನಿನಲ್ಲಿ, ಮಗು ಹುಟ್ಟಿದರೂ ಬದುಕದು ಎಂದು ತಿಳಿದವರು. ಗರ್ಭ ಮುಂದುವರಿಸುತ್ತೇನೆಂದರೆ ಐರ್ಲೆಂಡಿನ ಆಸ್ಪತ್ರೆ ಅವರನ್ನು ಕೈಹಿಡಿದು ನಡೆಸುತ್ತಿತ್ತು: ಸಾಂತ್ವನದ ಆಪ್ತಸಲಹೆ, ಅಂತ್ಯಸಂಸ್ಕಾರಕ್ಕೆ ನೆರವು. ಮುಂದುವರಿಸಲಾರೆ ಎಂದರೆ ಲಿವರ್‌ಪೂಲಿಗೆ ಹೋಗಬೇಕಿತ್ತು. ಮರಳಿ ಬರುವಾಗ ಕೆಲವರು ಕೂಸಿನ ಪುಟ್ಟ ಪೆಟ್ಟಿಗೆಯನ್ನು ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ಹಡಗು ಹತ್ತಿದರು. ಕೆಲವರು ಬಿಟ್ಟು ಬಂದರು. ಒಬ್ಬ ತಾಯಿಗೆ ಮೂರು ವಾರಗಳ ಮೇಲೆ ಮಗುವಿನ ಬೂದಿ ಕೊರಿಯರಿನಲ್ಲಿ ಬಂತು. ಆಕೆಯ ದೂರಿನ ಮೇಲೆ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 2016ರಲ್ಲಿ, ಐರ್ಲೆಂಡ್ ಆಕೆಯನ್ನು ಕ್ರೂರವಾಗಿ, ಅಮಾನವೀಯವಾಗಿ ನಡೆಸಿಕೊಂಡಿದೆ ಎಂದು ಹೇಳಿತು. ಸರ್ಕಾರ 30,000 ಯೂರೊ ಪರಿಹಾರ ಕೊಟ್ಟಿತು.

ಒಂದೇ ಬಗೆಯ ಸಂಕಟ, ಒಂದೇ ಆಸ್ಪತ್ರೆ. ಆದರೆ ಒಬ್ಬಳ ಶೋಕಕ್ಕೆ ಸರ್ಕಾರದ ಹೆಗಲಿದೆ, ಇನ್ನೊಬ್ಬಳ ಶೋಕ ಕದ್ದುಮುಚ್ಚಿ ನಡೆಯಬೇಕು. ಘೋಷಣೆಯ ಕಾನೂನು ಅಳುವಿಗೂ ಹೀಗೆ ಪರವಾನಗಿ ಹಂಚುತ್ತದೆ.

ಅಳು ಕಾನೂನಾದ ದೇಶ

ಅಮೆರಿಕದಲ್ಲಿ ಈ ಹಂಚಿಕೆ ನೇರವಾಗಿ ಕಾಯ್ದೆಯ ಪುಸ್ತಕದಲ್ಲೇ ಇದೆ. 1974ರಿಂದ ಪ್ರತಿ ಜನವರಿಯಲ್ಲಿ ವಾಷಿಂಗ್ಟನ್ನಿನಲ್ಲಿ ಗರ್ಭಪಾತ ವಿರೋಧಿ ಮೆರವಣಿಗೆ ನಡೆಯುತ್ತದೆ. ಹಲವು ಚರ್ಚುಗಳ ಹುಲ್ಲುಹಾಸಿನಲ್ಲಿ ಬಿಳಿ ಶಿಲುಬೆಗಳ ಸಾಲು ಸ್ಮಶಾನದಂತೆ ನಿಲ್ಲುತ್ತದೆ. ಅಲ್ಲಿ ಮೊಣಕಾಲೂರಿ ಅಳುವವರ ದುಃಖ ನಟನೆ ಎನ್ನುವ ಹಕ್ಕು ಯಾರಿಗೂ ಇಲ್ಲ. ಪ್ರಶ್ನೆ ಬರುವುದು ಆ ದುಃಖವನ್ನು ಬೇರೆಯವರ ಮೇಲೆ ಕಡ್ಡಾಯ ಮಾಡಿದಾಗ. 2016ರ ಮಾರ್ಚ್‌ನಲ್ಲಿ ಇಂಡಿಯಾನಾ ರಾಜ್ಯದ ಗವರ್ನರ್ ಮೈಕ್ ಪೆನ್ಸ್ ಒಂದು ಕಾಯ್ದೆಗೆ ಸಹಿ ಹಾಕಿದರು. ಗರ್ಭಪಾತವೋ ಗರ್ಭಸ್ರಾವವೋ ಆದ ಭ್ರೂಣದ ಅವಶೇಷವನ್ನು ಆಸ್ಪತ್ರೆ ಹೂಳಬೇಕು ಇಲ್ಲವೇ ಸುಡಬೇಕು. ಕೆಲವು ಹೆಂಗಸರು ರೊಚ್ಚಿಗೆದ್ದು ಗವರ್ನರ್ ಕಚೇರಿಗೆ ಫೋನ್ ಮಾಡಿ ತಮ್ಮ ಮುಟ್ಟಿನ ವರದಿ ಒಪ್ಪಿಸತೊಡಗಿದರು! ಆದರೆ 2019ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಈ ಅಂಶವನ್ನು ಎತ್ತಿಹಿಡಿಯಿತು.

ಪೋಲೆಂಡಿನಲ್ಲಿ ಐರ್ಲೆಂಡಿನ ಕಥೆಯೇ ಮರುಕಳಿಸಿತು. 2020ರ ಅಕ್ಟೋಬರ್‌ನಲ್ಲಿ ಅಲ್ಲಿಯ ಸಂವಿಧಾನ ನ್ಯಾಯಮಂಡಳಿ ಭ್ರೂಣದ ಗಂಭೀರ ನ್ಯೂನತೆಗಾಗಿ ಗರ್ಭಪಾತ ಸಲ್ಲದು ಎಂದಿತು. ಮರುವರ್ಷ ಪ್ಶ್‌ಚಿನಾ ಎಂಬ ಊರಿನ ಆಸ್ಪತ್ರೆಯಲ್ಲಿ, 22ನೇ ವಾರದಲ್ಲಿ ಗರ್ಭನೀರು ಹೋದ ಮೂವತ್ತರ ಹೆಣ್ಣೊಬ್ಬರು ನಂಜೇರಿ ಸತ್ತರು. ಭ್ರೂಣದ ಎದೆಬಡಿತ ನಿಲ್ಲಲೆಂದು ವೈದ್ಯರು ಕಾಯುತ್ತಿದ್ದಾರೆ ಎಂದು ಮಂಚದಿಂದಲೇ ತಾಯಿಗೆ ಸಂದೇಶ ಕಳಿಸಿದ್ದರು. ವಾರ್ಸಾದಲ್ಲಿ ಮೇಣದಬತ್ತಿ ಹಿಡಿದವರ ಫಲಕ: ‘ಇನ್ನೊಬ್ಬಳೂ ಬೇಡ’.

ಹೆಸರಿಲ್ಲದ ಕಾಯ್ದೆ

ಐರ್ಲೆಂಡಿನಲ್ಲಿ ಬದಲಾವಣೆಯನ್ನು ಶೋಕವೊಂದೇ ತರಲಿಲ್ಲ. 2016ರಲ್ಲಿ ಸರ್ಕಾರ, ಚೀಟಿ ಎತ್ತಿದಂತೆ ಆರಿಸಿದ 99 ಸಾಮಾನ್ಯ ನಾಗರಿಕರ ಸಭೆಯೊಂದನ್ನು ನ್ಯಾಯಮೂರ್ತಿ ಮೇರಿ ಲಾಫಾಯ್ ಅಧ್ಯಕ್ಷತೆಯಲ್ಲಿ ಕೂರಿಸಿತು. ಅವರು ವಾರಾಂತ್ಯಗಳಲ್ಲಿ ಸೇರಿ ವೈದ್ಯರ, ವಕೀಲರ, ಎರಡೂ ಪಾಳಯದ ಹೆಂಗಸರ ಮಾತು ಕೇಳಿದರು. ರಾಜಕಾರಣಿಗಳು ಹೇಳಲು ಅಂಜಿದ್ದನ್ನು ಅವರು ಹೇಳಿದರು: ಎಂಟನೇ ತಿದ್ದುಪಡಿ ಹೀಗೇ ಉಳಿಯಬಾರದು. ಜನಮತಗಣನೆಯ ಹೊತ್ತಿಗೆ ಪ್ರಧಾನಿಯಾಗಿದ್ದವರು ಲಿಯೊ ವರಾಡ್ಕರ್. ತಂದೆಯ ಕಡೆಯ ಬೇರು ನಮ್ಮ ನೆರೆಯ ಕೊಂಕಣದ್ದು. ಮಗಳ ಹೆಸರಿನಲ್ಲಿ ‘ಹೌದು’ ಎನ್ನಿ ಎಂದು ಸವಿತಾ ಅವರ ತಂದೆ ಬೆಳಗಾವಿಯಿಂದ ವಿಡಿಯೊದಲ್ಲಿ ಕೇಳಿಕೊಂಡರು. ಮತ ಹಾಕಲೆಂದೇ ವಿದೇಶಗಳಿಂದ ಜನ ವಿಮಾನ ಹತ್ತಿ ಬಂದರು. 2018ರ ಮೇ 25ರಂದು ಶೇ 66.4 ಮತಗಳೊಂದಿಗೆ ಆ ವಾಕ್ಯ ಸಂವಿಧಾನದಿಂದ ಹೊರಬಿತ್ತು. 40 ಕ್ಷೇತ್ರಗಳಲ್ಲಿ ಬೇಡ ಎಂದದ್ದು ಡನಿಗಾಲ್ ಒಂದೇ. ಸೇರಿಸಿದಾಗ ಶೇ 66.9, ತೆಗೆದಾಗ ಶೇ 66.4.

ಹೊಸ ಕಾಯ್ದೆಗೆ ಮಗಳ ಹೆಸರಿಡಿ ಎಂದು ತಂದೆತಾಯಿ ಕೇಳಿದ್ದರು. ಸವಿತಾ ತೀರಿಕೊಂಡ ಎರಡೇ ತಿಂಗಳಿಗೆ ದೆಹಲಿಯಲ್ಲಿ ನಡೆದ ಅತ್ಯಾಚಾರದ ನಂತರ ಬಂದ ತಿದ್ದುಪಡಿಯನ್ನು ನಾವು ‘ನಿರ್ಭಯಾ ಕಾಯ್ದೆ’ ಎಂದೇ ಕರೆಯುತ್ತೇವೆ. ಕಾಗದದ ಮೇಲೆ ಅದಕ್ಕೂ ಆ ಹೆಸರಿಲ್ಲ. ಐರಿಷ್ ಕಾಯ್ದೆಯ ಹೆಸರೂ ‘ಆರೋಗ್ಯ (ಗರ್ಭಾಂತ್ಯ ನಿಯಂತ್ರಣ) ಕಾಯ್ದೆ, 2018’ ಎಂದೇ ಉಳಿಯಿತು. ಹಾಗೆ ಉಳಿದದ್ದು ಒಳ್ಳೆಯದೇ ಎನಿಸುತ್ತದೆ ನನಗೆ. ಸತ್ತವರ ಹೆಸರು ಹೊತ್ತ ಕಾಯ್ದೆಯನ್ನು ಮುಂದೆ ತಿದ್ದಲು ಹೊರಟರೆ ಸತ್ತವರಿಗೇ ಅಪಚಾರ ಮಾಡಿದಂತೆ ಕಾಣುತ್ತದೆ. ಈ ಕಾಯ್ದೆಯನ್ನಂತೂ ತಿದ್ದಬೇಕಾಗಿದೆ.

2019ರ ಜನವರಿಯಿಂದ 12 ವಾರದವರೆಗೆ ಕಾರಣ ಕೇಳದೆ ಸೇವೆ ಸಿಗುತ್ತಿದೆ. ಮೊದಲ ವರ್ಷ ಹೊಸ ಕಾಯ್ದೆಯಡಿ ಎಲ್ಲ ಕಾರಣಗಳೂ ಸೇರಿ ಒಟ್ಟು 6,666 ಗರ್ಭಪಾತಗಳಾದವು. ಆದರೆ ಮೊದಲ ಭೇಟಿಯ ನಂತರ ಮೂರು ದಿನ ಕಾಯಲೇಬೇಕು. ಇದಕ್ಕೆ ವೈದ್ಯಕೀಯ ಕಾರಣವೇನೂ ಇಲ್ಲ. ಹಿಂಜರಿಯುತ್ತಿದ್ದ ಮತದಾರರ ಸಮಾಧಾನಕ್ಕೆ ಕೊಟ್ಟದ್ದು. ಅಂದರೆ ಹಳೆಯ ಘೋಷಣೆ ಹೋಗುವಾಗ ಒಂದು ಚಿಕ್ಕ ಘೋಷಣೆಯನ್ನು ಬಿಟ್ಟುಹೋಯಿತು. ಕಾಯುವಿಕೆಯನ್ನು ಕಡ್ಡಾಯದಿಂದ ಸಲಹೆಗೆ ಇಳಿಸಿ ಎಂದು 2023ರಲ್ಲಿ ವಕೀಲೆ ಮರಿ ಓಶೇ ಅವರ ಸ್ವತಂತ್ರ ವರದಿ ಹೇಳಿತು.

ಲಿವರ್‌ಪೂಲಿಗೆ ಹೋಗುತ್ತಿದ್ದವರ ಪ್ರಶ್ನೆಯೂ ಪೂರ್ತಿ ಬಗೆಹರಿದಿಲ್ಲ. ಭ್ರೂಣಕ್ಕೆ ಮಾರಕ ತೊಂದರೆ ಇದ್ದರೆ 12 ವಾರದ ನಂತರವೂ ಅನುಮತಿ ಉಂಟು. ಆದರೆ ಮಗು ಹುಟ್ಟುವ ಮುಂಚೆ ಅಥವಾ ಹುಟ್ಟಿದ 28 ದಿನಗಳೊಳಗೆ ಸಾಯುವ ಸಂಭವವಿದೆ ಎಂದು ಇಬ್ಬರು ವೈದ್ಯರು ಬರೆದುಕೊಡಬೇಕು. ಕಾಯ್ದೆ ಮೀರಿದ ವೈದ್ಯರಿಗೆ 14 ವರ್ಷದವರೆಗಿನ ಶಿಕ್ಷೆ ಹಾಗೆಯೇ ಇದೆ. 28ನೇ ದಿನವೋ 40ನೇ ದಿನವೋ ಎಂದು ಸ್ಕ್ಯಾನ್ ಹೇಳುವುದಿಲ್ಲ. 2019ರಲ್ಲಿ, ಎಂದರೆ ಹೊಸ ಕಾಯ್ದೆ ಬಂದ ವರ್ಷವೂ, ಐರ್ಲೆಂಡಿನಿಂದ 375 ಹೆಂಗಸರು ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಹೋದರು.